ಸಾಲು ಹೇಳುವ ಹೊತ್ತು

ಕ್ಯಾರಲ್ ಮುಗಿಸಿ ಚರ್ಚಿನ ಅಂಗಳಕ್ಕೆ ಮರಳಿದಾಗ ರಾತ್ರಿ ಒಂದೂವರೆ. ಓಣಿ ಓಣಿ ತಿರುಗಿ, ಹೋದ ಮನೆಯಲ್ಲೆಲ್ಲ ಚಹಾ ಕುಡಿದು, ಕರ್ಚಿಕಾಯಿ ತಿಂದು, ಹುಡುಗರ ಗಂಟಲು ಒಡೆದಿತ್ತು. ಆದರೂ ಮನೆಗೆ ಹೋಗುವ ಮನಸ್ಸು ಯಾರಿಗೂ ಇಲ್ಲ. ಹತ್ತಿಕಟ್ಟಿಗೆ ಒಟ್ಟಿ ಬೆಂಕಿ ಹಚ್ಚಿದರು. ಗಿಟಾರುಗಳನ್ನು ಒಳಗಿಟ್ಟು ಬಂದ ಹುಡುಗನೊಬ್ಬ ಕೈ ಕಾಯಿಸಿಕೊಳ್ಳುತ್ತ ಕೇಳಿದ:

“ಕಾಕಾ, ಆ ಹಳೇ ಪೇಟಿ ಮ್ಯಾಲ ಖಣ ಯಾಕ ಹೊಚ್ಚೀರಿ? ಬ್ಯಾರೆ ಅರಿವಿ ಇರಲಿಲ್ಲೇನು?”

ಪೇಟಿ ಎಂದರೆ ಕಾಲಿನಿಂದ ತಿದಿ ಒತ್ತಿ ನುಡಿಸುವ ಹಾರ್ಮೋನಿಯಂ. ಈಗ ಅದರ ಅರ್ಧ ಸ್ವರಗಳು ಮೂಕವಾಗಿವೆ. ಮೇಲೆ ಹೊದಿಸಿದ ಸೂಜಿಮಲ್ಲಿಗೆ ಚಿತ್ತಾರದ ಖಣ ಮಾತ್ರ, ಬಣ್ಣ ಮಾಸಿದ್ದರೂ, ಒಂದು ನೂಲೂ ಬಿಟ್ಟಿಲ್ಲ. ನಾನು ಕೂಡಲೇ ಉತ್ತರ ಕೊಡಲಿಲ್ಲ. ಬೆಂಕಿಗೆ ಇನ್ನೆರಡು ಕಟ್ಟಿಗೆ ಇಟ್ಟೆ. ಈ ಮಾತನ್ನು ಅಲ್ಲಿಯವರೆಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಆ ರಾತ್ರಿ ಹೇಳಿದೆ.

ನಾನು ಈ ಊರಿಗೆ ಬಂದದ್ದು 1996ರ ಜೂನ್ ತಿಂಗಳಲ್ಲಿ, ಶಾಲೆಯ ನೌಕರಿಗೆ. ವಯಸ್ಸು 25. ಅದಕ್ಕೂ ಮೊದಲು ನಾಲ್ಕು ವರ್ಷ ಬೆಂಗಳೂರಿನಲ್ಲಿ ಯುವಜನರ ಒಂದು ಕೂಟದಲ್ಲಿ ಆರಾಧನೆಯ ಹಾಡುಗಳನ್ನು ನಡೆಸಿದ್ದೆ. ಗಿಟಾರು, ಕೀಬೋರ್ಡು, ಡ್ರಮ್ಸು. ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಮೂಡುವ ಸಾಲುಗಳು. ಕೂಡಿದವರೆಲ್ಲ ಕಾಲೇಜಿನ ಮಕ್ಕಳು, ಒಂದೇ ವಾರಿಗೆಯವರು. ಅಲ್ಲಿ ಹಾಡುವಾಗ ದೇವರು ನಮ್ಮ ನಡುವೆ ನಿಂತಿದ್ದಾನೆ ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ, ಇಂದಿಗೂ ಅದನ್ನು ಅಲ್ಲಗಳೆಯುವುದಿಲ್ಲ. ಅಲ್ಲಿ ಸಿಕ್ಕಿದ್ದನ್ನು ಇಲ್ಲಿಗೆ ತರಬೇಕು ಅಂದುಕೊಂಡದ್ದೂ ತಪ್ಪಲ್ಲ. ಇಲ್ಲಿ ಏನೂ ಇಲ್ಲ ಎಂದು ತಿಳಿದು ತಂದೆನಲ್ಲ, ತಪ್ಪು ಅಲ್ಲಿತ್ತು.

ಇಲ್ಲಿದ್ದದ್ದು ನೇಕಾರರ ಸಭೆ. ಮಗ್ಗದ ಮನೆಗಳ ನಡುವೆ ಕೆಂಪು ಹೆಂಚಿನ ದೇವಾಲಯ. ಭಾನುವಾರ ಬೆಳಿಗ್ಗೆ ಎಂಟೂವರೆಗೆ ಆರಾಧನೆ. ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ, ಮಕ್ಕಳು ಮುಂದೆ ಜಮಖಾನೆಯ ಮೇಲೆ. ಹಿಂದಿನ ಎರಡು ಬೆಂಚು ಮುದುಕಿಯರದು. ಪೇಟಿಯ ಮುಂದೆ 70 ದಾಟಿದ ಒಬ್ಬ ಹಿರಿಯರು, 43 ವರ್ಷದಿಂದ ಅವರೇ. ಊರೆಲ್ಲ ಅವರನ್ನು ಪೇಟಿ ಮಾಸ್ತರು ಅನ್ನುತ್ತಿತ್ತು. ಕಣ್ಣಿಗೆ ಪೊರೆ ಬಂದಿತ್ತು. ನಮ್ಮ ಸಭಾಪಾಲಕರು, ಅವರನ್ನು ನಾವು ಅಯ್ಯನವರು ಅನ್ನುತ್ತೇವೆ, ನನ್ನನ್ನು ಕರೆದು “ಇನ್ನ ಮ್ಯಾಲೆ ಹಾಡಿನ ಜವಾಬ್ದಾರಿ ನೀವು ನೋಡ್ಕೋರಿ” ಅಂದರು. ಮಾಸ್ತರು ಒಂದು ಮಾತೂ ಎದುರಾಡಲಿಲ್ಲ. ಮರುದಿನ ಸಂಜೆ ಕೋಲು ಊರಿಕೊಂಡು ನನ್ನ ಖೋಲಿಗೆ ತಾವೇ ಬಂದರು. ರಟ್ಟು ಹರಿದ ಒಂದು ನೋಟುಬುಕ್ಕನ್ನು ಕೈಗಿಟ್ಟರು.

“ಇದರಾಗ ಎಲ್ಲಾ ಐತಿ ತಮ್ಮಾ. ಬಿಡುವಾದಾಗ ನೋಡು.”

ನನಗೆ ಐದು ತಿಂಗಳು ಬಿಡುವಾಗಲಿಲ್ಲ.

ಮೊದಲ ಭಾನುವಾರ ಮಾಸ್ತರು ಹೇಗೆ ನಡೆಸುತ್ತಾರೆಂದು ಕೂತು ನೋಡಿದೆ. ಸಂಗೀತ ಪುಸ್ತಕದ ನಂಬರು ಹೇಳುವರು. ಧಾಟಿಯನ್ನು ಒಮ್ಮೆ ಪೂರ್ತಿ ನುಡಿಸುವರು. ಆಮೇಲೆ ಒಂದು ಸಾಲನ್ನು ಬಾಯಲ್ಲಿ ಹೇಳುವರು, ಸಭೆ ಅದನ್ನು ಹಾಡುವುದು. ಸಾಲು ಮುಗಿದೊಡನೆ ಅವರ ಬೆರಳು ಪೇಟಿಯ ಮೇಲೆ ಸಣ್ಣಗೆ ಒಂದು ಸುತ್ತು ಹೋಗಿ ಬರುವುದು. ಆ ಸುತ್ತಿನ ಮೇಲೆಯೇ ಮುಂದಿನ ಸಾಲು ಹೇಳುವರು. ಐದು ಚರಣದ ಸಂಗೀತಕ್ಕೆ ಹತ್ತು ನಿಮಿಷ. ನನಗೆ ಅದು ಬರೀ ಎಳೆತ ಅನ್ನಿಸಿತು. ಹಾಡು ಹರಿಯುವುದೇ ಇಲ್ಲ, ಹೆಜ್ಜೆಗೊಮ್ಮೆ ನಿಲ್ಲುತ್ತದೆ. ಎಲ್ಲರ ಕೈಯಲ್ಲೂ ಪುಸ್ತಕ ಇರುವಾಗ ಸಾಲು ಹೇಳುವುದೇಕೆ? ಎಲ್ಲರ ಕೈಯಲ್ಲೂ ಎಂದು ನಾನು ಲೆಕ್ಕ ಹಾಕಿದ್ದು ಮುಂದಿನ ಬೆಂಚುಗಳನ್ನು ನೋಡಿ.

ಎರಡನೆಯ ಭಾನುವಾರದಿಂದ ಸಾಲು ಹೇಳುವುದನ್ನು ಬಿಟ್ಟೆ. ನಡುವಿನ ನಿಲುಗಡೆ ತೆಗೆದುಹಾಕಿದೆ. ಪಟ್ಟಿಯನ್ನೂ ಏರಿಸಿದೆ: ಮಾಸ್ತರು ಕಪ್ಪು ಎರಡರಲ್ಲಿ ಹಿಡಿಯುತ್ತಿದ್ದ ಧಾಟಿಗಳನ್ನು, ಹಳೆಯ ಸ್ವರಪುಸ್ತಕದಲ್ಲಿ ಅಚ್ಚಾಗಿದ್ದಂತೆ, ಬಿಳಿ ಐದಕ್ಕೆ ಒಯ್ದೆ. ನಾಲ್ಕು ಮನೆ ಮೇಲಕ್ಕೆ. ನನ್ನ ಗಂಟಲಿಗೆ ಅದು ಚೆನ್ನಾಗಿ ಕೂರುತ್ತಿತ್ತು. ಮೈಕು, ಸ್ಪೀಕರು, ನನ್ನ ಕೀಬೋರ್ಡು ಬಂದವು. ಪೇಟಿಯನ್ನು ಮೂಲೆಗೆ ಸರಿಸಿದೆವು. ಆರಾಧನೆ ಕಾಲು ಗಂಟೆ ಬೇಗ ಮುಗಿಯತೊಡಗಿತು. ಹುಡುಗರು ಹಿಗ್ಗಿದರು, ಸಭೆ ಚುರುಕಾಯಿತು ಎಂದು ನಾನೂ ಹಿಗ್ಗಿದೆ.

ಯಾರೂ ಆಕ್ಷೇಪ ಎತ್ತಲಿಲ್ಲ. ಬೆಂಕಿಯ ಸುತ್ತ ಕೂತ ಹುಡುಗರಿಗೆ ಇದನ್ನು ಎರಡು ಸಲ ಹೇಳಿದೆ, ಏಕೆಂದರೆ ನಾನು ಎಡವಿದ್ದು ಇಲ್ಲೇ. ಹಳೆಯ ಸಭೆ ಹೊಸಬನ ಜೊತೆ ಜಗಳ ಆಡುವುದಿಲ್ಲ. ಬಾಗಿಲಲ್ಲಿ ಕೈ ಮುಗಿಯುತ್ತದೆ, “ಛಲೋ ಆತ್ರಿ” ಅನ್ನುತ್ತದೆ, ಮನೆಗೆ ಕರೆದು ರೊಟ್ಟಿ ಬಡಿಸುತ್ತದೆ. ಹಾಡುವುದನ್ನು ಮಾತ್ರ ಮೆಲ್ಲಗೆ ಬಿಡುತ್ತದೆ. ಸ್ಪೀಕರಿನಲ್ಲಿ ನನ್ನ ದನಿಯೇ ತುಂಬಿಕೊಂಡಿದ್ದಾಗ ಹಿಂದೆ ಎಷ್ಟು ಬಾಯಿ ಮುಚ್ಚಿವೆ ಎಂದು ನನಗೆ ಕೇಳಿಸಲಿಲ್ಲ. ಮಾಸ್ತರು ಮೂರನೆಯ ಬೆಂಚಿನಲ್ಲಿ ಕೂತು, ಮೇಲಿನ ಸ್ವರ ಬಂದಾಗ ಸುಮ್ಮನಾಗಿ, ಕೆಳಗೆ ಇಳಿದಾಗ ಮತ್ತೆ ಸೇರಿಕೊಳ್ಳುತ್ತಿದ್ದರು.

ಹಿಂದಿನ ಬೆಂಚಿನ ತುದಿಗೆ ಒಬ್ಬ ಆಯಿ ಕೂಡುತ್ತಿದ್ದಳು. ಎಂಟು ದಶಕ ಕಂಡ ಮುಖ, ಹಣೆಯ ಮೇಲೆ ಹಳೇ ಹಚ್ಚೆ. ಪ್ರತಿ ಭಾನುವಾರ ಬಾಗಿಲಲ್ಲಿ ನಿಂತು ಸೆರಗಿನ ಗಂಟು ಬಿಚ್ಚಿ ನನ್ನ ಅಂಗೈಗೆ ಒಂದು ತುಂಡು ಕಲ್ಲುಸಕ್ಕರೆ ಇಡುವಳು. “ಗಂಟಲಾ ಜ್ವಾಕಿ, ಯಪ್ಪಾ. ಭಾಳ ಎತ್ತರ ಹಾಡ್ತಿ.” ನಾನು ಅದನ್ನು ಹೊಗಳಿಕೆ ಅಂದುಕೊಂಡಿದ್ದೆ.

ನವೆಂಬರ್ ಕೊನೆಯಲ್ಲಿ ಆಯಿ ತೀರಿಕೊಂಡಳು. ಹಿಂದಿನ ದಿನದ ಸಂಜೆಯವರೆಗೂ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಲಾಳಿ ಹಾಕುತ್ತಿದ್ದಳಂತೆ.

ಮಣ್ಣಿಗೆ ಹೋದಾಗ ಸಂಜೆ ಐದೂವರೆ ಆಗಿತ್ತು. ಊರ ಹೊರಗಿನ ಸಮಾಧಿ ಭೂಮಿ, ಸುತ್ತ ಜಾಲಿ. ಕೀಬೋರ್ಡಿಲ್ಲ, ಮೈಕಿಲ್ಲ, ಬೆಳಕೂ ಇಳಿಯುತ್ತಿತ್ತು. ಅಯ್ಯನವರು ವಾಕ್ಯ ಓದಿ ಪ್ರಾರ್ಥನೆ ಮಾಡಿದರು. ಪೆಟ್ಟಿಗೆ ಇಳಿಸುವ ಹೊತ್ತಿಗೆ ಹಾಡಬೇಕು. ಮಾಸ್ತರು ನನ್ನ ಹೆಗಲು ಮುಟ್ಟಿ, “ಸಾಲು ಹೇಳು ತಮ್ಮಾ” ಅಂದರು.

ನನಗೆ ಸಾಲು ಹೇಳಲು ಬರುತ್ತಿರಲಿಲ್ಲ. ಪುಸ್ತಕ ತೆರೆದು, ರೂಢಿಯಂತೆ, ನೇರ ಹಾಡಲು ಶುರುಮಾಡಿದೆ. ಜೊತೆಗೆ ಇಬ್ಬರೋ ಮೂವರೋ ಹುಡುಗರು. ಮೊದಲ ಸಾಲು ಮುಗಿಯುವುದರೊಳಗೆ ನನ್ನ ಮೈ ತಣ್ಣಗಾಯಿತು. ಇನ್ನೂರು ಜನ ನಿಂತಿದ್ದಾರೆ, ಯಾರೂ ಹಾಡುತ್ತಿಲ್ಲ. ದುಃಖಕ್ಕೆ ಗಂಟಲು ಕಟ್ಟಿರಬೇಕು ಎಂದು ಸಮಾಧಾನ ಮಾಡಿಕೊಂಡು ಎರಡನೆಯ ಸಾಲು ಎತ್ತಿದೆ. ಅದೂ ಹಾಗೆಯೇ. ನನ್ನ ಒಂಟಿ ದನಿ ಜಾಲಿಗಿಡಗಳ ಆಚೆಗೆ ಹೋಗಿ ಬಿತ್ತು. ನಿಲ್ಲಿಸಿಬಿಟ್ಟೆ.

ಆಗ ಮಾಸ್ತರು ಗಂಟಲು ಸರಿಮಾಡಿಕೊಂಡರು. ಕಣ್ಣು ಮುಚ್ಚಿ ಮೊದಲ ಸಾಲು ಹೇಳಿದರು. ಮಾತಿನಂತೆಯೇ ಹೇಳಿದರು, ಆದರೆ ಮಾತಿನ ತುದಿ ಹಾಡಿನ ಮೊದಲ ಸ್ವರದ ಮೇಲೆ ಬಂದು ಕೂತಿತು. ಒಂದು ಉಸಿರಿನಷ್ಟು ಹೊತ್ತು ಎಲ್ಲ ಸ್ತಬ್ಧ. ಆಮೇಲೆ ಸಭೆ ಹಾಡಿತು. ಸನಿಕೆ ಹಿಡಿದು ನಿಂತವರು, ಸೆರಗು ಬಾಯಿಗೆ ಒತ್ತಿಕೊಂಡವರು, ಹಿಂದಿನ ಬೆಂಚಿನ ಮುದುಕಿಯರು, ಎಲ್ಲರೂ. ತಗ್ಗಿನ ಪಟ್ಟಿ, ಅಗಲವಾದ ದನಿ. ಒಬ್ಬೊಬ್ಬರ ಉಸಿರು ಒಂದೊಂದು ಕಡೆ ಮುಗಿದರೂ ಸಾಲು ಎಲ್ಲೂ ಹರಿಯಲಿಲ್ಲ. ಒಬ್ಬಳು ಮುದುಕಿ ಎಲ್ಲರಿಗಿಂತ ಕೊನೆಗೆ ಸಾಲು ಮುಗಿಸಿದಳು. ಮಾಸ್ತರು ಅವಳಿಗಾಗಿ ಕಾದರು. ಅವಳ ಬಾಯಿ ಮುಚ್ಚಿದ ಮೇಲೆ ಎರಡನೆಯ ಸಾಲು ಹೇಳಿದರು. ಪೆಟ್ಟಿಗೆ ಆ ಹಾಡಿನ ಮೇಲೆಯೇ ಇಳಿಯಿತು.

ಮಣ್ಣು ಹಾಕಿ ಹೊರಳುವಾಗ ಆಯಿಯ ಸೊಸೆ ನನ್ನ ಪಕ್ಕಕ್ಕೆ ಬಂದಳು. ನನ್ನನ್ನು ನೋಯಿಸಲೆಂದು ಬಂದವಳಲ್ಲ, ಯಾರ ಜೊತೆಗಾದರೂ ಅತ್ತೆಯ ಮಾತು ಆಡಬೇಕಾಗಿತ್ತು ಅವಳಿಗೆ. “ಅಣ್ಣಾರ, ಐದ ತಿಂಗಳಾತು, ಅತ್ತಿ ಗುಡಿಯೊಳಗ ಹಾಡಿರಲಿಲ್ರಿ. ಅಕ್ಷರ ಬರ್ತಿರಲಿಲ್ಲಲ್ಲ. ಧಾಟಿ ಎಲ್ಲಾ ಗೊತ್ತಿತ್ತು, ಮೊದಲಿನ ನಾಕು ಶಬ್ದ ಯಾರರ ಅಂದ್ರ ಉಳಿದದ್ದು ಬಾಯಿಗೆ ಬರ್ತಿತ್ತು. ಮನ್ಯಾಗ ನನ್ನ ಮಗಳ ಕೈಲೆ ಸಾಲು ಹೇಳಿಸ್ಕೊಂಡು ಮಗ್ಗದ ಮುಂದ ಹಾಡ್ತಿದ್ಲು.”

“ನನಗೊಂದು ಮಾತು ಹೇಳಬೇಕಿತ್ತು” ಅಂದೆ.

“ನಾನೂ ಅದನ್ನ ಅಂದೆ ಅಣ್ಣಾರ. ‘ಹುಡುಗ ಹೊಸಬ. ಕಲೀತಾನ, ಬಿಡು’ ಅಂದ್ಲು.”

ಆ ರಾತ್ರಿ ನೋಟುಬುಕ್ಕು ತೆರೆದೆ.

ಒಂದೊಂದು ಸಂಗೀತದ ನಂಬರಿಗೆ ಒಂದೊಂದು ಪುಟ. ಮೇಲೆ ಪಟ್ಟಿ: ಕಪ್ಪು ಎರಡು, ಬಿಳಿ ಮೂರು, ಕೆಲವಕ್ಕೆ ಬಿಳಿ ಎರಡು. ಅಚ್ಚಿನ ಪುಸ್ತಕಕ್ಕಿಂತ ಎಲ್ಲವೂ ಕೆಳಗೆ. ಒಂದು ಕಡೆ ಕಾರಣವನ್ನೂ ಬರೆದಿದ್ದರು: ಬೆಳಗಿನ ಗಂಟಲು, ನೂಲಿನ ಧೂಳು. ಸಾಲುಗಳ ನಡುವೆ ಪೆನ್ಸಿಲಿನ ಗುರುತುಗಳು: ಇಲ್ಲಿ ಹಿಂದಿನವರಿಗೆ ಕಾಯಬೇಕು, ಇಲ್ಲಿ ಮಕ್ಕಳು ಓಡುತ್ತಾರೆ, ಪೇಟಿಯಿಂದ ಹಿಡಿ. ಇಷ್ಟನ್ನು ಯಾವ ಜಾಣ ವಾದ್ಯಗಾರನಾದರೂ ಬರೆದಾನು. ನನ್ನ ಕೈ ನಿಂತದ್ದು ಪುಟಗಳ ಅಡಿಯಲ್ಲಿ. ಅಲ್ಲಿ ಮನೆತನಗಳ ಹೆಸರುಗಳಿದ್ದವು. ಈ ಸಂಗೀತ ಇಂಥವರ ಮಗುವಿನ ಮಣ್ಣಿಗೆ ಹಾಡಿದ್ದು, ತಾಯಿ ಬಂದ ವಾರ ಬೇಡ. ಇದು ಇಂಥವರ ಮದುವೆಯದು, ಗಂಡ ಬಿಟ್ಟುಹೋಗಿದ್ದಾನೆ, ಈಗ ಹಾಡಿಸಬೇಡ. ಇದು ಬರಗಾಲದ ವರ್ಷ ಮಳೆ ಬಂದ ಭಾನುವಾರ ಹಾಡಿದ್ದು, ಮುದುಕರಿಗೆ ಇದು ಬೇಕು. ಕೆಲವು ಗುರುತುಗಳ ಮೇಲೆ ಗೆರೆ ಎಳೆದು ಪಕ್ಕಕ್ಕೆ ತಾರೀಖು ಬರೆದಿದ್ದರು. ಸಭೆಯ 43 ವರ್ಷದ ದುಃಖ, ಸುಖ ಎಲ್ಲ ಆ ಪುಟಗಳಲ್ಲಿ ಇತ್ತು. ಐದು ತಿಂಗಳಲ್ಲಿ ನಾನು ಯಾರ ಯಾರ ಗಾಯದ ಮೇಲೆ ಯಾವ ಯಾವ ಹಾಡು ಇಟ್ಟೆನೋ, ಎಣಿಸುತ್ತ ಬೆಳಗು ಮಾಡಿದೆ.

ಮರುದಿನ ಮಾಸ್ತರ ಮನೆಗೆ ಹೋದೆ. ಕ್ಷಮಿಸಿರಿ ಎಂದು ಶುರುಮಾಡಿದರೆ ಅವರು ಕೈ ಅಡ್ಡ ಹಿಡಿದರು. “ಅದು ಇರ್ಲಿ. ಏನ್ ಬೇಕು ಹೇಳು.” ಸಾಲು ಹೇಳುವುದನ್ನು ಕಲಿಸಿರಿ ಅಂದೆ. ಬುಧವಾರ ಬುಧವಾರ ಬಾ ಅಂದರು.

ಅವರು ಕಲಿಸಿದ್ದನ್ನು ಹುಡುಗರಿಗೆ ಅಂದು ಹೇಳಿ ತೋರಿಸಿದೆ, ಬರಹದಲ್ಲಿ ಅಷ್ಟು ಬರುವುದಿಲ್ಲ. ಸಾಲನ್ನು ಹಾಡಬಾರದು, ಹೇಳಬೇಕು. ಹಾಡಿದರೆ ಜನ ನಿನ್ನ ದನಿ ಕೇಳುತ್ತಾರೆ, ಹೇಳಿದರೆ ಶಬ್ದ ಕೇಳುತ್ತಾರೆ. ಹೇಳುವಾಗ ಮುಂದಿನ ಬೆಂಚಿನ ಮೇಲೆ ಕಣ್ಣಿಡಬೇಡ, ಪುಸ್ತಕ ಇದ್ದವರಿಗೆ ನಿನ್ನ ಅಗತ್ಯವಿಲ್ಲ. ಹಿಂದಿನ ಗೋಡೆಗೆ ತಾಗುವಂತೆ ಹೇಳು. ಆಮೇಲೆ ಸುಮ್ಮನಿರು. “ಕಡೀಕ ಮುಚ್ಚೂ ಬಾಯಿ ಯಾವುದು ನೋಡು. ಅದು ಮುಚ್ಚೂತನಕ ನೀ ಬಾಯಿ ತಗೀಬ್ಯಾಡ.” ಕೇಳಲು ಎಷ್ಟು ಸುಲಭ. ನನಗೆ ಮೂರು ಬುಧವಾರ ಬೇಕಾಯಿತು, ಬರೀ ಸುಮ್ಮನಿರುವುದಕ್ಕೆ.

ಒಂದು ಬುಧವಾರ ಅವರು ಟ್ರಂಕಿನಿಂದ ಅಜ್ಜನ ಕಾಲದ ಸ್ವರಪುಸ್ತಕ ತೆಗೆದರು. ಅಜ್ಜ ಈ ಸಭೆಯ ಉಪದೇಶಿಯಾಗಿದ್ದರು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ; ಅಲ್ಲಿಂದ ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡ ಹೀಗೆ ಸಭೆಗಳು ಎದ್ದವು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಶನರಿಗಳನ್ನು ಸರ್ಕಾರ ಬಂಧಿಸಿ ದೇಶದಿಂದ ಕಳಿಸಿತು. ಹಾಡು ನಡೆಸುವವರು ಯಾರು? ಉಪದೇಶಿಗಳು, ಹಿರಿಯರು, ಇದೇ ನೇಕಾರರು. ಮಾಸ್ತರ ಅಜ್ಜ ಆಗ ಪೇಟಿಯ ಮುಂದೆ ಕೂತರಂತೆ.

ಆ ಪುಸ್ತಕದಲ್ಲಿ ಪ್ರತಿ ಸಾಲಿನ ತುದಿಗೆ ಒಂದು ಗುರುತು: ಕಮಾನಿನ ಕೆಳಗೆ ಒಂದು ಚುಕ್ಕೆ. ನಾನು ಬೆಂಗಳೂರಿನಲ್ಲಿ ಕಲಿತಾಗ ಅದನ್ನು ಫರ್ಮಾಟಾ ಅಂದಿದ್ದರು. ಸ್ವರವನ್ನು ಹಿಡಿದು ನಿಲ್ಲಿಸುವ ಚಿಹ್ನೆ. ಮಾಸ್ತರು ಅದನ್ನು ‘ಕಣ್ಣು’ ಅನ್ನುತ್ತಿದ್ದರು. “ಇಲ್ಲಿ ಕಣ್ಣ ಐತಿ ನೋಡು. ಅಂದ್ರ ಇಲ್ಲಿ ಜನರನ್ನ ನೋಡು ಅಂತ ಅರ್ಥ” ಎಂದು ಅಜ್ಜ ಕಲಿಸಿದ್ದರಂತೆ. ಸಂಗೀತಶಾಸ್ತ್ರದಲ್ಲಿ ಹಾಗೆ ಇಲ್ಲ. ಆದರೂ ಆ ಗುರುತಿಗೆ ಅದಕ್ಕಿಂತ ಒಳ್ಳೆಯ ಅರ್ಥವನ್ನು ನಾನು ಎಲ್ಲಿಯೂ ಓದಿಲ್ಲ. ಜರ್ಮನ್ ನಾಡಿನ ಕೋರಾಲ್ ಧಾಟಿಗಳಲ್ಲಿ ಸಾಲಿನ ಕೊನೆಗೆ ಈ ಚಿಹ್ನೆ ಇರುವುದು ವಾಡಿಕೆ. ಅಲ್ಲಿನ ಚರ್ಚುಗಳಲ್ಲಿ ಆ ಕಾಲಕ್ಕೆ ಸಭೆ ಬಹಳ ನಿಧಾನವಾಗಿ ಹಾಡುತ್ತಿತ್ತು. ಒಂದು ಸಾಲಿಗೂ ಮತ್ತೊಂದಕ್ಕೂ ನಡುವೆ ಆರ್ಗನ್ ನುಡಿಸುವವರು ಸಣ್ಣದೊಂದು ನುಡಿ ತುಂಬುತ್ತಿದ್ದರು. ನಾನು ಎಳೆತ ಅಂದುಕೊಂಡಿದ್ದ ಮಾಸ್ತರ ಬೆರಳಿನ ಸುತ್ತು ಅಷ್ಟು ದೂರದಿಂದ ಬಂದಿತ್ತು. ಬಂದ ಮೇಲೆ ಇಲ್ಲಿಯದೂ ಆಗಿತ್ತು: ಕಿವಿಗೊಟ್ಟು ಕೇಳಿದರೆ ಅದರಲ್ಲಿ ಭೀಮಪಲಾಸದ ನೆರಳು ಇರುತ್ತಿತ್ತು. ಹಿಂದೂಸ್ತಾನಿ ಸಂಗೀತ ಹಾದಿಬೀದಿಯಲ್ಲಿ ಕೇಳುವ ಈ ಸೀಮೆಯಲ್ಲಿ ಅದು ಹಾಗಾಗದೆ ಇನ್ನು ಹೇಗಾದೀತು?

ಸಾಲು ಹೇಳಿಕೊಡುವ ಪದ್ಧತಿಗೂ ದೊಡ್ಡ ಬಳಗವಿದೆ ಎಂದು ಆಮೇಲೆ ಓದಿ ತಿಳಿದೆ. 1640ರ ದಶಕದಲ್ಲೇ ಇಂಗ್ಲೆಂಡಿನಲ್ಲಿ, ಓದು ಬಾರದವರು ಹೆಚ್ಚಿರುವ ಸಭೆಗಳಲ್ಲಿ ಹೀಗೆ ಮಾಡಬೇಕೆಂದು ಆರಾಧನೆಯ ವಿಧಿಯಲ್ಲಿ ಬರೆದಿದ್ದರು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ, ಅಮೆರಿಕದ ಕಪ್ಪು ಜನರ ಕೆಲವು ಸಭೆಗಳಲ್ಲಿ ಅದು ಇಂದಿಗೂ ಉಳಿದಿದೆ. ನಮ್ಮ ಊರಿನ ಭಜನೆಯಲ್ಲಿ ಮುಂದಿನವ ಸೊಲ್ಲು ಎತ್ತಿಕೊಟ್ಟರೆ ಹಿಂದಿನವರು ಹಿಡಿಯುವುದೂ ಇದೇ ಅಲ್ಲವೇ? ಓದು ಬಂದವನಿಗೆ ಸೋಮಾರಿತನದಂತೆ ಕಾಣುವ ಆ ನಿಲುಗಡೆ, ಓದು ಬಾರದವರು ಒಳಗೆ ಬರಲು ತೆರೆದಿಟ್ಟ ಬಾಗಿಲು. ನಾನು ಅದನ್ನು ಮುಚ್ಚಿ, ಒಳಗೆ ಗಾಳಿ ಚೆನ್ನಾಗಿದೆ ಅಂದುಕೊಂಡಿದ್ದೆ.

ಆ ಚಳಿಗಾಲ ನನಗೆ ಪದೇ ಪದೇ ನೆನಪಾದವರು ಅದೇ ಬಾಸೆಲ್ ಮಿಶನ್ನಿನ ಕಿಟ್ಟೆಲ್. 1853ರಲ್ಲಿ ಅವರು ಈ ನಾಡಿಗೆ ಬಂದಾಗ 21ರ ತರುಣ, ನಾನು ಬಂದಾಗಿನ ವಯಸ್ಸಿಗಿಂತ ಚಿಕ್ಕವರು. ಹೇಳುವುದಕ್ಕೆಂದು ಬಂದವರು ಕೇಳುವುದಕ್ಕೆ ಕೂತರು. ಪಂಡಿತರ ಹತ್ತಿರ, ಹಳ್ಳಿಯ ಜನರ ಹತ್ತಿರ ಶಬ್ದಗಳನ್ನು ಕಲಿತರು. ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದದ್ದು 1862ರಲ್ಲಿ, ನಿಘಂಟು ಅಚ್ಚಾದದ್ದು 1894ರಲ್ಲಿ. ಬಂದ ದಿನಕ್ಕೂ ಅದಕ್ಕೂ ನಡುವೆ 41 ವರ್ಷ. ನಾನು ಬಂದ ಎರಡನೆಯ ಭಾನುವಾರವೇ ಸಭೆಯನ್ನು ತಿದ್ದಲು ಹೊರಟವನು.

ಕ್ರಿಸ್‌ಮಸ್ಸಿನ ಮುಂಚಿನ ಭಾನುವಾರ ಪೇಟಿಯನ್ನು ಮೂಲೆಯಿಂದ ಮತ್ತೆ ಅದರ ಜಾಗಕ್ಕೆ ತಂದೆವು. ಮಾಸ್ತರು ಕೂತರು. ನಾನು ಪಕ್ಕದಲ್ಲಿ ನಿಂತು ಸಾಲು ಹೇಳಿದೆ. ಮೊದಲ ಸಾಲಿಗೆ ನನ್ನ ದನಿ ನಡುಗಿತು. ಸಭೆ ಹಾಡಿತು. ಹಿಂದಿನ ಬೆಂಚಿನ ತುದಿ ಖಾಲಿ ಇತ್ತು. ಕಡೆಗೆ ಮುಚ್ಚುವ ಬಾಯಿಗಾಗಿ ಕಾಯುವಾಗ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಬೇರೆಯವರೆಲ್ಲ ನನ್ನನ್ನು ಒಪ್ಪಿಕೊಂಡರು, ಮನ್ನಿಸಿದರು. ಆಯಿಗೆ ಮಾತ್ರ ನಾನು ಒಂದು ಸಾಲೂ ಹೇಳಿಕೊಡಲಾಗಲಿಲ್ಲ. ಇಷ್ಟು ವರ್ಷದ ಮೇಲೂ ಅದು ಹಾಗೆಯೇ ಇದೆ.

ಹೊಸ ಹಾಡುಗಳು ನಿಂತುಹೋದವೆಂದು ತಿಳಿಯಬೇಡಿರಿ. ಅವನ್ನು ಬೇಡ ಅಂದವರು ಈ ಸಭೆಯಲ್ಲಿ ಯಾರೂ ಇರಲಿಲ್ಲ. ಗುಡ್ ಫ್ರೈಡೇ, ಈಸ್ಟರ್ ಕಳೆದ ಮೇಲೆ ಮಾಸ್ತರೇ ಒಂದು ದಿನ “ನಿನ್ನ ಬೆಂಗಳೂರಿನ ಹಾಡು ಒಂದು ತಗಿ” ಅಂದರು. ಪಟ್ಟಿ ಇಳಿಸಿದೆವು, ಸಾಲು ಹೇಳಿ ಹಾಡಿಸಿದೆವು. ಮೂರನೆಯ ಭಾನುವಾರ ಹಿಂದಿನ ಬೆಂಚಿನ ಮುದುಕಿಯರು ಅದನ್ನು ಹುಡುಗರಿಗಿಂತ ಜೋರಾಗಿ ಹಾಡುತ್ತಿದ್ದರು. ಮಾಸ್ತರು ತಿದಿ ಒತ್ತುತ್ತ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೇ.

ಖಣದ ಮಾತು. ಆಯಿಯ ಮಗ ಆ ಕ್ರಿಸ್‌ಮಸ್ಸಿನ ಹಿಂದಿನ ದಿನ ಅದನ್ನು ತಂದ. ಆಯಿ ತೀರಿಕೊಂಡಾಗ ಮಗ್ಗದ ಮೇಲೆ ಅರ್ಧ ಉಳಿದದ್ದನ್ನು ಅವನು ನೇಯ್ದು ಮುಗಿಸಿದ್ದ. ಪೇಟಿ ಮೂಲೆಗೆ ಬಿದ್ದಾಗಿನಿಂದ ಅದರ ಮೇಲೆ ಧೂಳು ಕೂಡುತ್ತದೆ ಎಂದು ಆಯಿ ಮನೆಯಲ್ಲಿ ಹಳಹಳಿಸುತ್ತಿದ್ದಳಂತೆ. “ಇದರ ಮ್ಯಾಲೆ ಹಾಕ್ರಿ” ಅಂದ. ಹಾಕಿದೆವು. ಎಲ್ಲಿಯವರೆಗೆ ಆಯಿಯ ಕೈ, ಎಲ್ಲಿಂದ ಮಗನ ಕೈ ಎಂದು ಬೆರಳಾಡಿಸಿದರೆ ನನಗೆ ತಿಳಿಯುತ್ತದೆ.

ಮಾಸ್ತರು 2001ರಲ್ಲಿ ಹೋದರು. ಅವರ ಮಣ್ಣಿಗೆ ಸಾಲು ಹೇಳಿದವನು ನಾನು. ನೋಟುಬುಕ್ಕು ಈಗ ನನ್ನ ಹತ್ತಿರ ಇದೆ, ಅದರ ಕೊನೆಯ ಪುಟಗಳು ನನ್ನ ಅಕ್ಷರದವು. ನಾನು ಅದರಲ್ಲಿ ಬರೆದ ಮೊದಲ ಗುರುತು, ಆಯಿಯ ಪೆಟ್ಟಿಗೆ ಇಳಿಸುವಾಗ ಹಾಡಿದ ಸಂಗೀತದ ಪುಟದ ಅಡಿಯಲ್ಲಿತ್ತು: ಸೊಸೆ ಬಂದ ವಾರ ಬೇಡ. ಸೊಸೆ ಒಂದು ವಾರವೂ ತಪ್ಪಿಸುವವಳಲ್ಲ, ಹಾಗಾಗಿ ಆ ಸಂಗೀತ ಏಳು ವರ್ಷ ಈ ದೇವಾಲಯದಲ್ಲಿ ಕೇಳಲಿಲ್ಲ. 2003ರ ಒಂದು ಭಾನುವಾರ, ಗಂಟೆ ಹೊಡೆಯುವ ಮುಂಚೆ, ಅವಳೇ ಪೇಟಿಯ ಹತ್ತಿರ ಬಂದು ನಿಂತಳು.

“ಅಣ್ಣಾರ, ಇವತ್ತ ಅದನ್ನ ಹಾಡಸ್ರಿ.”

ಯಾವುದನ್ನು ಎಂದು ಕೇಳಬೇಕಾಗಿರಲಿಲ್ಲ. ನೋಟುಬುಕ್ಕು ತೆರೆದೆ, ಗುರುತಿನ ಮೇಲೆ ಗೆರೆ ಎಳೆದೆ, ಪಕ್ಕಕ್ಕೆ ತಾರೀಖು ಬರೆದೆ. ಖಣ ಸರಿಸಿ, ಕಪ್ಪು ಎರಡು ಹಿಡಿದೆ.